ಬೀಗರ ಮನೇಲಿ ಬಿಟ್ಟ ಕುದುರೆ

ಎಸಿರ್ಕೆಪ್ ಪ್ರತಿ ವಸಂತದಲ್ಲೂ ಒಂದು ಹೆಣ್ಣು ಕುದುರೆಯನ್ನ ಚಳಿಗಾಲದ ಮಾಂಸಕ್ಕೆ ಕೊಬ್ಬಲಿ ಅಂತ ಮೇಯೋಕೆ ಬಿಟ್ಟು, "ಡಿಸೆಂಬರ್‌ವರೆಗೆ ಇದನ್ನ ಮುಟ್ಟಲ್ಲ" ಅಂತ ಆಣೆ ಹಾಕ್ತಿದ್ದ. ಪ್ರತಿ ಅಕ್ಟೋಬರಲ್ಲೂ ಕೊಯ್ದು ತಿಂತಿದ್ದ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ತಪ್ಪಿಸಿದವನಲ್ಲ.

ಈ ವರ್ಷ ಹಾಗೆ ಮಾಡೋ ಹಾಗಿರಲಿಲ್ಲ. ಮಗಳ ಮದುವೆಯಾಗಿ ಮೊದಲನೇ ಚಳಿಗಾಲ. ಡಿಸೆಂಬರಿನ ಮಾಂಸದೂಟಕ್ಕೆ ಬೀಗರು ಬರ್ತಾರೆ, ಪಕ್ಕೆಲುಬಿನ ಕೊಬ್ಬಿಗೆ ಬೆರಳಿಟ್ಟು ಅಳೀತಾರೆ. ನಾಲ್ಕು ಬೆರಳಿಗಿಂತ ಕಮ್ಮಿ ಬಂತೋ, ಮಗಳು ಮುದುಕಿಯಾಗೋವರೆಗೂ ಅತ್ತೆ ಬಾಯಲ್ಲಿ ಅದನ್ನೇ ಕೇಳ್ಬೇಕು.

ಆಗಸ್ಟಲ್ಲಿ ಅಲ್ಮಾಟಿ ಪಟ್ಟಣದಿಂದ ಪ್ರಶ್ನೆ ಬರೆದ ಕಾಗದ ಹಿಡ್ಕೊಂಡು ಒಬ್ಬ ಹುಡುಗಿ ಬಂದ್ಲು. ಜನ ಹೇಗೆ ತೀರ್ಮಾನ ಮಾಡ್ತಾರೆ ಅಂತ ಓದ್ತಿದ್ದಾಳಂತೆ.

"ದೊಡ್ಡಪ್ಪ, ಇವತ್ತು ಒಂದು ಕಿಲೋ ಮಾಂಸ ಬೇಕೋ, ಮುಂದಿನ ವಾರ ಎರಡು ಕಿಲೋ ಬೇಕೋ?"

"ಇವತ್ತು. ತಂದಿದೀಯಾ?"

"ಇಲ್ಲ. ಮುಂದಿನ ವರ್ಷ ಇದೇ ದಿನ ಒಂದು ಕಿಲೋನೋ, ಅದಾದ ಒಂದು ವಾರಕ್ಕೆ ಎರಡೋ?"

"ಎರಡು! ವರ್ಷ ಕಾದವನಿಗೆ ಒಂದು ವಾರ ಯಾವ ಮಹಾ?"

"ಎರಡು ಸಲವೂ ಕಾಯೋದು ಒಂದೇ ವಾರ, ದೊಡ್ಡಪ್ಪ. ದೂರ ಇದ್ರೆ ಕಾಯ್ತೀನಿ ಅಂತೀರಿ, ಹತ್ತಿರ ಬಂದ್ರೆ ತಿಂತೀನಿ ಅಂತೀರಿ."

ಹೆಂಡತಿ ಉಲ್ಮೆಕೆನ್ ಚಹಾ ಬಗ್ಗಿಸ್ತಾ, "ಇಷ್ಟಕ್ಕೆ ಅಲ್ಮಾಟಿಯಿಂದ ಬಂದ್ಯಾ ತಾಯಿ? ನಂಗೆ ಫೋನ್ ಮಾಡಿದ್ರೆ ಹೇಳ್ತಿದ್ದೆ" ಅಂದ್ಲು.

ಎಸಿರ್ಕೆಪ್‌ಗೆ ಮಾತು ನಾಟಿತು. ಅಕ್ಟೋಬರಿನ ಎಸಿರ್ಕೆಪ್ ನಂಬೋ ಆಸಾಮಿ ಅಲ್ಲ. ಮಾರನೇ ದಿನವೇ ಕುದುರೆಯನ್ನ ಪಕ್ಕದೂರಿಗೆ ಹೊಡ್ಕೊಂಡು ಹೋಗಿ ಬೀಗ ಬಾತಿರ್ಖಾನನ ಮನೇಲಿ ಬಿಟ್ಟ. ಬೀಗರ ಮನೇಲಿ ಕೂತು "ಕೊಯ್ದು ಹಾಕಿ" ಅನ್ನೋಕೆ ಯಾರಿಗೆ ನಾಲಗೆ ಏಳುತ್ತೆ?

ಏಳಲಿಲ್ಲ. ಅಕ್ಟೋಬರಲ್ಲಿ ಸುಮ್ಮನೆ ಕುದುರೆ ನೋಡ್ಕೊಂಡು ಬರೋಣ ಅಂತ ಹೋದ. ಬೀಗರು ಬಾಗಿಲಿಗೆ ಬಂದ್ಮೇಲೆ ಕುರಿ ಕೊಯ್ಯದೆ ಕಳಿಸೋ ಹಾಗಿಲ್ಲ. ಕೊಯ್ದ್ರು. ಮುಂದಿನ ವಾರ ಮತ್ತೆ ಕುದುರೆ ನೆನಪಾಯ್ತು. ನವೆಂಬರ್ ಮುಗಿಯೋಷ್ಟ್ರಲ್ಲಿ ಎಂಟು ಸಲ ಕುದುರೆ ನೋಡಿ ಬಂದಿದ್ದ. ಕುದುರೆ ಮೈಮೇಲೆ ಒಂದು ಗೀರೂ ಇರಲಿಲ್ಲ.

ಡಿಸೆಂಬರಲ್ಲಿ ಬಾತಿರ್ಖಾನ್ ತಾನೇ ಅದನ್ನ ಹೊಡ್ಕೊಂಡು ಬಂದ. ಕೊಯ್ದು ಅಳೆದ್ರು. ಐದು ಬೆರಳು. ಬೀಗಿತ್ತಿ ನಂಬದೆ ತನ್ನ ಬೆರಳನ್ನೂ ಇಟ್ಟು ನೋಡಿ, ಐದೇ ಅಂತ ಒಪ್ಕೊಂಡ್ಲು.

ಊಟಕ್ಕೆ ಕೂತಾಗ ಬಾತಿರ್ಖಾನ್ ಅಂದ: "ಭೇಷ್ ಬೀಗ್ರೇ, ಒಳ್ಳೇ ಉಪಾಯ ನಿಮ್ದು. ನಂಗೂ ಕಾಯೋಕೆ ಬರಲ್ಲ ನೋಡಿ. ಮುಂದಿನ ವರ್ಷ ನನ್ನ ಕುದುರೆ ನಿಮ್ಮನೇಲಿ ಬಿಡ್ತೀನಿ. ಆಗಾಗ ಬಂದು ನೋಡ್ಕೊಂಡು ಹೋಗ್ತಿರ್ತೀನಿ."

ಉಲ್ಮೆಕೆನ್ ಮೇಜಿನ ಕೆಳಗೆ ಗಂಡನ ಕಾಲು ತುಳಿದ್ಲು.

"ಮುಂದಿನ ವರ್ಷ ತಾನೇ?" ಎಸಿರ್ಕೆಪ್ ಬಾಯ್ತುಂಬ ಮಾಂಸ ಇಟ್ಕೊಂಡೇ ಅಂದ. "ಎರಡು ಕುದುರೆ ಬಿಡಿ."