ಲೇಬಲ್ಲಿನ ಕೊನೆಯ ಸಾಲು

ಇದು ನಡೆದ ಕಥೆ. ನಡೆದದ್ದಷ್ಟೇ ಅಲ್ಲ, ಒಂದೆರಡು ಕಡೆ ಎಡವಿದ್ದೂ ಉಂಟು. ಅಂಗಡಿಯವನೊಬ್ಬ ತನ್ನ ಅಂಗಡಿಯಲ್ಲೇ ಅರ್ಧ ದಿನ ಬೆನ್ನ ಮೇಲೆ ಚೀಟಿ ಅಂಟಿಸಿಕೊಂಡು ಓಡಾಡಿದ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದವರು ಆ ಬೀದಿಗೆ ಹೋಗಿ ರಸೀದಿ ಅಜ್ಜಿಯನ್ನು ಕೇಳಬಹುದು. ಅವಳ ಹತ್ತಿರ ಎಲ್ಲದಕ್ಕೂ ರಸೀದಿ ಇರುತ್ತದೆ.

ಬಸ್ ನಿಲ್ದಾಣದ ಎದುರು ಮೂರು ಮೆಟ್ಟಿಲು ಹತ್ತಿದರೆ ಆ ಅಂಗಡಿ. ಮುಂಭಾಗದಲ್ಲಿ ಅಣ್ಣ ಕೆಟಲ್, ಇಸ್ತ್ರಿಪೆಟ್ಟಿಗೆ, ಫ್ಯಾನು ಮಾರುತ್ತಾನೆ. ಪರದೆಯ ಹಿಂದೆ ತಂಗಿ ಅವನ್ನೇ ಬಿಚ್ಚಿ ರಿಪೇರಿ ಮಾಡುತ್ತಾಳೆ. ಮಾತಿಗೊಮ್ಮೆ "ವಾರಂಟಿ ನಂದು" ಎಂದು ಎದೆ ತಟ್ಟಿಕೊಳ್ಳುವುದರಿಂದ ಅಣ್ಣನಿಗೆ ವಾರಂಟಿ ಎಂದೇ ಹೆಸರು ಬಿದ್ದಿತ್ತು. "ಮುಂದೆ ವಾರಂಟಿ, ಹಿಂದೆ ರಿಪೇರಿ. ಅವರಪ್ಪ ಆಸ್ತಿ ಸರಿಯಾಗೇ ಭಾಗ ಮಾಡಿದಾನೆ" ಎಂದು ಬೀದಿಯವರು ನಗುತ್ತಿದ್ದರು.

ತಂಗಿಯ ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಗಂಟಲಲ್ಲಿ ಊರೇ ಇರುತ್ತಿತ್ತು. ಚೌಕಾಸಿ ಮಾಡುವ ಗಿರಾಕಿ, ಭಾಷಣ ಬಿಗಿಯುವ ಶಾಸನಸಭೆಯ ಸದಸ್ಯ, ಕಂಪನಿ ಏಜೆಂಟನ ಜೇನಿನಂಥ ದನಿ, ಯಾವುದನ್ನು ಕೇಳಿದರೂ ಅದನ್ನು ಹಾಗೇ ಆಡಿ ತೋರಿಸುತ್ತಿದ್ದಳು. ಅಣ್ಣನ "ವಾರಂಟಿ ನಂದು" ಅಂತೂ ಅವಳ ಬಾಯಲ್ಲಿ ಅವನದಕ್ಕಿಂತ ಚೆನ್ನಾಗಿ ಬರುತ್ತಿತ್ತು.

ಆ ಸೋಮವಾರ ಮಾತ್ರ ಅವಳ ಗಂಟಲಿನಿಂದ ಯಾರ ದನಿಯೂ ಹೊರಡಲಿಲ್ಲ. ಮೇಜಿನ ಮೇಲೆ ಒಂದೇ ಕಂಪನಿಯ ಏಳು ಕೆಟಲ್‌ಗಳಿದ್ದವು. ಏಳರದ್ದೂ ಒಂದೇ ರೋಗ. ನೀರು ಕುದಿದ ಮೇಲೆ ಬಿಸಿಗೆ ಬಾಗಿ ಸ್ವಿಚ್ಚನ್ನು ಆರಿಸಬೇಕಾದ ಪುಟ್ಟ ಲೋಹದ ಬಿಲ್ಲೆ ಬಾಗಿರಲಿಲ್ಲ. ನೀರೆಲ್ಲ ಆವಿಯಾಗಿ, ತಳ ಕೆಂಪಾಗಿ, ಹಿಡಿ ಕರಗಿ ಇಳಿದಿತ್ತು. ಹಳೆಯ ಕೆಟಲ್‌ನ ಬಿಲ್ಲೆಯನ್ನು ಪಕ್ಕದಲ್ಲಿಟ್ಟು ನೋಡಿದಳು. ಹೊಸದು ಅದರ ಅರ್ಧದಷ್ಟೂ ದಪ್ಪವಿಲ್ಲ, ತಗಡಿನ ಹಾಗಿತ್ತು.

ಎಂಟನೆಯ ಕೆಟಲ್ ತಂದವಳು ರಸೀದಿ ಅಜ್ಜಿ. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಎಡಗೈಯಲ್ಲೇ ಚೀಲ ಬಿಚ್ಚಿ, ಕರಗಿದ ಕೆಟಲನ್ನೂ ಅದರ ರಸೀದಿಯನ್ನೂ ಕೌಂಟರಿನ ಮೇಲಿಟ್ಟಳು.

"ಏನಪ್ಪಾ ವಾರಂಟಿ, ಎದೆ ತಟ್ಟಿಕೊಂಡು ಕೊಟ್ಟಿದ್ಯಲ್ಲ. ಈಗ ತಟ್ಟಿಕೋ ನೋಡೋಣ."

ಅಣ್ಣ ಪೆಚ್ಚಾದ. "ಅಯ್ಯೋ ಅಜ್ಜಿ! ಬದಲಾಯ್ಸಿ ಕೊಡ್ತೀನಿ. ಹೊಸ ಸ್ಟಾಕು ಇವತ್ತೇ ಬರುತ್ತೆ."

"ಕೆಟಲ್ ಬದಲಾಯ್ಸ್ತೀಯ. ಕೈ?"

ಅಷ್ಟರಲ್ಲಿ ಬಾಗಿಲಿಗೆ ವ್ಯಾನ್ ಬಂದು ನಿಂತಿತು. ಕಂಪನಿಯ ಏಜೆಂಟ್ ಇಳಿದ. ಅವನ ಹಿಂದೆ ನಲವತ್ತು ಹೊಸ ಕೆಟಲ್‌ಗಳೂ ಇಳಿದವು. ಪ್ರತಿ ಡಬ್ಬಿಯ ಮೇಲೂ ನಗುವ ಸಂಸಾರದ ಚಿತ್ರ.

"ಸಾಹುಕಾರ್ರೇ, ಬೆಲೆ ಇಪ್ಪತ್ತು ರೂಪಾಯಿ ಜಾಸ್ತಿ ಆಗಿದೆ. ಯಾವುದಕ್ಕೆಷ್ಟು ಅನ್ನೋ ವಿವರ ಎಲ್ಲ ಈ ಸುತ್ತೋಲೇಲಿದೆ, ಅಂಗಡಿಯವರಿಗೆ ಮಾತ್ರ" ಎಂದು ಒಂದು ಹಾಳೆ ಚಾಚಿದ. ಆಮೇಲೆ ದನಿ ತಗ್ಗಿಸಿ, "ಆ ಇಪ್ಪತ್ತು ಬಾಂಧವ್ಯ ನಿಧಿಗೆ. ಹೋದ ಚುನಾವಣೇಲೂ ಬೆಲೇಗೆ ಸೇರ್ಸಿದ್ವಲ್ಲ, ಹಾಗೇ. ಮತ್ತೆ ಚುನಾವಣೆ ಬಂತಲ್ಲ" ಎಂದ.

ತಗ್ಗಿಸಿದ ದನಿ ಅಜ್ಜಿಯ ಕಿವಿಗೇ ಬಿತ್ತು. "ಯಾರ ಜೊತೆಗಪ್ಪಾ ಬಾಂಧವ್ಯ? ನನಗಂತೂ ನೀನು ಮಗನೂ ಅಲ್ಲ, ಅಳಿಯನೂ ಅಲ್ಲ."

"ಇಬ್ಬರು ಅಭ್ಯರ್ಥಿಗಳಿಗೂ ಕೊಡ್ತೀವಿ ಅಮ್ಮಾ. ನಮ್ಮಲ್ಲಿ ಪಕ್ಷಪಾತ ಇಲ್ಲ."

"ಇಬ್ಬರಿಗೂ ಕೊಟ್ರೆ ಅದು ಬಾಂಧವ್ಯ ಹೇಗಾಗುತ್ತೆ? ಯಾರು ಗೆದ್ದರೂ ನಮ್ಮವನೇ ಇರಲಿ ಅಂತ ಮುಂಗಡ ಕೊಟ್ಟ ಹಾಗೆ."

ಏಜೆಂಟ್ ಕೋಪಿಸಿಕೊಳ್ಳಲಿಲ್ಲ. ಅವನ ಮಾತಿನಲ್ಲಿ ಹುರುಳಿಲ್ಲದೆಯೂ ಇರಲಿಲ್ಲ. "ಅಮ್ಮಾ, ಚುನಾವಣೆ ಅಂದ್ರೆ ಬಿಟ್ಟಿ ಆಗುತ್ತಾ? ಮೈಕು ಬೇಕು, ಕರಪತ್ರ ಬೇಕು, ಓಡಾಡೋಕೆ ಗಾಡಿ ಬೇಕು. ಕೊಡೋರು ಇಲ್ದಿದ್ರೆ ಹುಟ್ಟಾ ಶ್ರೀಮಂತರು ಬಿಟ್ಟು ಬೇರೆ ಯಾರೂ ನಿಲ್ಲೋಕಾಗಲ್ಲ. ಕಂಪನಿಗೂ ಒಂದು ಅಭಿಪ್ರಾಯ ಇರುತ್ತೆ, ಅದನ್ನ ಹೇಳ್ಕೊಳ್ಳುತ್ತೆ. ತಪ್ಪೇನು?"

"ಹೇಳ್ಕೊಳ್ಳಲಿ. ನನ್ನ ದುಡ್ಡಲ್ಲಿ ಯಾಕೆ? ನಾನು ಕೊಂಡದ್ದು ಕೆಟಲ್ ಕಣಪ್ಪಾ, ಸದಸ್ಯನನ್ನಲ್ಲ." ಅಜ್ಜಿ ಬ್ಯಾಂಡೇಜು ಕಟ್ಟಿದ ಕೈಯನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟಳು. "ಪರೀಕ್ಷೆ ಆಗದ ಕರೆಂಟಿನ ಸಾಮಾನು ಮಾರಬಾರದು ಅಂತ ಮಸೂದೆ ತರ್ತೀನಿ ಅಂದಿದ್ದ ನಮ್ಮ ಸದಸ್ಯ, ಹೋದ ಚುನಾವಣೇಲಿ ಇದೇ ಬೀದೀಲಿ ನಿಂತು. ನಾನೂ ಕೈಯಾರೆ ಹತ್ತು ರೂಪಾಯಿ ಕೊಟ್ಟಿದ್ದೆ, ರಸೀದಿ ಇದೆ. ಗೆದ್ದ. ಮಸೂದೆ ಮಲಗಿತು. ನನ್ನ ಹತ್ತಕ್ಕೆ ಆತ ಫೋನೂ ಎತ್ತಲ್ಲ. ನಿಮ್ಮ ಲಕ್ಷಕ್ಕೆ ಮಸೂದೆಗೆ ಜೋಗುಳ ಹಾಡ್ತಾನೆ. ಕೊಡಲೇಬೇಡಿ ಅಂತ ಯಾರಂದ್ರು? ಒಂದು ಮಿತಿ ಹಾಕಿ ಅಂತೀವಿ. ನಾನು ಕೊಡೋಷ್ಟನ್ನೇ ನೀವೂ ಕೊಡಿ. ಆಮೇಲೆ ನೋಡೋಣ, ಆತ ಯಾರ ಮಾತು ಕೇಳ್ತಾನೆ ಅಂತ."

ಚೀಲದಿಂದ ಗ್ರಾಹಕರ ಸಂಘದ ಮನವಿಪತ್ರ ತೆಗೆದಳು. ಅಭ್ಯರ್ಥಿಗೆ ಯಾರೇ ಕೊಡುವ ದೇಣಿಗೆಗೂ ಒಂದು ಮಿತಿ ಇರಬೇಕು, ಕೊಟ್ಟದ್ದು ಜನರಿಗೆ ಗೊತ್ತಾಗಬೇಕು ಎಂಬ ಬೇಡಿಕೆ. ಕೆಳಗೆ ಸಹಿಗಳ ಸಾಲು. ಮೊದಲನೆಯದು ಅಜ್ಜಿಯದೇ, ಎಡಗೈಯಲ್ಲಿ ಹಾಕಿದ್ದರಿಂದ ಒಂದನೇ ತರಗತಿಯ ಮಗು ಬರೆದ ಹಾಗಿತ್ತು.

"ನೀನೂ ಹಾಕಪ್ಪಾ. ಅಂಗಡಿಯವರ ಸಹಿ ಒಂದೂ ಇಲ್ಲ."

ಅಣ್ಣ ಏಜೆಂಟನ ಮುಖ ನೋಡಿದ. ಏಜೆಂಟ್ ಕೆಟಲ್ ಡಬ್ಬಿಗಳನ್ನು ನೋಡಿದ. ಅಷ್ಟು ಸಾಕಾಯಿತು.

"ರಾಜಕೀಯ ನನಗೆ ಬೇಡ ಅಜ್ಜಿ" ಎಂದ ಅಣ್ಣ.

ಅಜ್ಜಿ ಮನವಿಪತ್ರ ಮಡಚಿದಳು. "ಪ್ರತಿ ಕೆಟಲ್‌ಗೂ ಇಪ್ಪತ್ತರ ಹಾಗೆ ರಾಜಕೀಯ ಮಾರ್ತಾ ಇದ್ದೀಯ. ಬೇಡವಂತೆ."

ಇಬ್ಬರೂ ಹೋದ ಮೇಲೆ ತಂಗಿ ಪರದೆ ಸರಿಸಿ ಹೊರಬಂದಳು. ಹೊಸ ಡಬ್ಬಿಯೊಂದನ್ನು ಆಗಲೇ ಬಿಚ್ಚಿ ನೋಡಿದ್ದಳು. "ಅಣ್ಣಾ, ಅದೇ ತಗಡು. ಈ ನಲವತ್ತನ್ನ ವಾಪಸ್ ಕಳಿಸು."

"ವಾಪಸ್ ಕಳ್ಸಿದ್ರೆ ನಾಳೆಯಿಂದ ಫ್ಯಾನೂ ಬರಲ್ಲ, ಮಿಕ್ಸೀನೂ ಬರಲ್ಲ. ಬಾಡಿಗೆ ನೀನು ಕಟ್ತೀಯಾ?"

"ಇವು ನಲವತ್ತು ಅಡುಗೆಮನೆಗೆ ಹೋಗ್ತವೆ ಕಣೋ. ನಲವತ್ತು ಕೈ."

"ಎಲ್ಲಾ ಕೆಡುತ್ತಾ? ಕೆಟ್ಟದ್ದನ್ನ ನೀನು ರಿಪೇರಿ ಮಾಡ್ತೀಯ."

"ಕೈಯನ್ನಾ?"

ಅಣ್ಣ ಮುಖ ತಿರುಗಿಸಿದ. ಅವನು ಕೆಟ್ಟವನಲ್ಲ, ಹೆದರಿದವನು. ಅವನಿಗೆ ತಂಗಿಯ ಕಣ್ಣು ತಪ್ಪಿಸಬೇಕಾಗಿತ್ತು. ಸುತ್ತೋಲೆಯನ್ನು ಅವಳತ್ತ ತಳ್ಳಿದ. ಕನ್ನಡಕ ಹಾಕಿದರೆ ವಯಸ್ಸಾದವನಂತೆ ಕಾಣುತ್ತೇನೆಂದು ಅದನ್ನು ಗಲ್ಲಾದೊಳಗೇ ಇಟ್ಟಿರುವವನು ಅವನು. ಸುತ್ತೋಲೆ ಓದುವುದು, ಬೆಲೆಯ ಲೇಬಲ್ ಅಚ್ಚು ಹಾಕಿ ಅಂಟಿಸುವುದು ಯಾವಾಗಲೂ ತಂಗಿಯ ಕೆಲಸ.

"ಸುಮ್ನೆ ತಲೆ ತಿನ್ಬೇಡ. ಇದರಲ್ಲಿ ಏನಿದೆಯೋ ಅದನ್ನ ಇದ್ದ ಹಾಗೇ ಲೇಬಲ್ ಮಾಡಿ ಅಂಟ್ಸು."

"ಇದ್ದ ಹಾಗೇನಾ?"

"ಒಂದಕ್ಷರ ಬಿಡದ ಹಾಗೆ!"

ತಂಗಿ ಸುತ್ತೋಲೆಯ ಮೇಲೆ ಕಣ್ಣಾಡಿಸಿದಳು. ಅವತ್ತು ಮೊದಲ ಸಲ ಅವಳ ಗಂಟಲಲ್ಲಿ ಒಂದು ದನಿ ಮೂಡಿತು. "ವಾರಂಟಿ ನಂದು" ಎಂದಳು, ಥೇಟ್ ಅಣ್ಣನ ಹಾಗೆ.

ಮರುದಿನ ಬೆಳಿಗ್ಗೆ ನಲವತ್ತು ಡಬ್ಬಿಗಳೂ ಲೇಬಲ್ ಹೊತ್ತು ಸಾಲಾಗಿ ನಿಂತಿದ್ದವು. ಅಣ್ಣ ಅಂಗಿಯ ತೋಳು ಮಡಚಿಕೊಂಡು ಕೌಂಟರಿಗೆ ಬಂದ. ಹಿಂದಿನಿಂದ ತಂಗಿ ಅವನ ಬೆನ್ನು ತಟ್ಟಿ, "ಚೆನ್ನಾಗಿ ವ್ಯಾಪಾರ ಆಗ್ಲಿ" ಎಂದಳು. ಜಗಳ ಮರೆತಳು ಎಂದು ಅವನಿಗೆ ಸಮಾಧಾನವಾಯಿತು.

ಮೊದಲು ಬಂದದ್ದು ಬಸ್ ಕಂಡಕ್ಟರ್. ಡಬ್ಬಿ ಎತ್ತಿ ಲೇಬಲ್ ಓದಿದ. ಮತ್ತೆ ಓದಿದ. "ಇದರಲ್ಲಿ ಕೊನೇ ಸಾಲು ಬಿಟ್ಟು ಕೊಡ್ತೀರಾ?"

ಚೌಕಾಸಿ ಎಂದರೆ ಅಣ್ಣನಿಗೆ ಒಂದೇ ಪಾಠ. "ನಮ್ಮಲ್ಲಿ ಮುಚ್ಚುಮರೆ ಇಲ್ಲ ಸಾರ್. ಲೇಬಲ್‌ನಲ್ಲಿ ಇರೋದಷ್ಟೂ ಕೊಡ್ಬೇಕು."

"ಕೊನೇ ಸಾಲೂ ನಾನೇ ಕೊಡ್ಬೇಕಾ?"

"ನೀವಲ್ದೆ ಇನ್ಯಾರು ಕೊಡ್ತಾರೆ?"

ಕಂಡಕ್ಟರ್ ಡಬ್ಬಿಯನ್ನು ಕುಕ್ಕಿಟ್ಟ. "ಟಿಕೆಟ್ ಇಲ್ದೆ ನನ್ನ ಬೆನ್ನ ಮೇಲೆ ಯಾರ್ಯಾರನ್ನ ಹತ್ತಿಸ್ತೀರ್ರೀ?" ಎಂದು ಮೆಟ್ಟಿಲಿಳಿದು ಹೋದ.

ಆಮೇಲೆ ನರ್ಸಮ್ಮ ಬಂದಳು. ಅವಳೂ ಓದಿದಳು. "ಸುಟ್ಟ ಕೈಗಳಿಗೆ ಬ್ಯಾಂಡೇಜು ಸುತ್ತಿ ಸಾಕಾಗಿದೆ ನನಗೆ. ಈ ಸಾಲಿಗೂ ಮೇಲಿನ ಸಾಲಿಗೂ ಸಂಬಂಧ ಇದೆಯೇನ್ರೀ?"

"ಸಂಬಂಧ ಇಲ್ದೆ ಇರುತ್ತಾ ಮೇಡಂ? ಎಲ್ಲಾ ಸೇರಿನೇ ಒಂದು ಬೆಲೆ" ಎಂದು ಅಣ್ಣ ಅಭಿಮಾನದಿಂದ ಎದೆ ತಟ್ಟಿಕೊಂಡ. "ವಾರಂಟಿ ನಂದು!"

ನರ್ಸಮ್ಮ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. ಅವನು ಅತ್ತ ತಿರುಗಿದಾಗ ಬೆನ್ನನ್ನೂ ನೋಡಿದಳು. ಸೆರಗು ಬಾಯಿಗೊತ್ತಿಕೊಂಡು ಹೊರಟುಹೋದಳು. ಮಧ್ಯಾಹ್ನದ ಹೊತ್ತಿಗೆ ಬಂದವರು ಹದಿನೆಂಟು, ಕೊಂಡವರು ಸೊನ್ನೆ. ಕೆಲವರು ಬೈದರು, ಕೆಲವರು ನಕ್ಕರು. ಎಲ್ಲರೂ ಆಚೆ ಹೋಗಿ ಇನ್ನೊಬ್ಬರನ್ನು ಕರೆತಂದರು. ಮೆಟ್ಟಿಲ ಮೇಲೆ ಗುಂಪು ಸೇರಿತು. ಗುಂಪಿನ ನಡುವೆ ಎಡಗೈಯಲ್ಲಿ ಚೀಲ ಹಿಡಿದು ರಸೀದಿ ಅಜ್ಜಿಯೂ ಇದ್ದಳು.

ಗುಂಪು ಸೀಳಿಕೊಂಡು ಬಂದವನು ಏಜೆಂಟ್. ಯಾರೋ ಫೋನ್ ಮಾಡಿದ್ದರು. ದನಿಯ ಜೇನೆಲ್ಲ ಇಳಿದುಹೋಗಿತ್ತು.

"ಏನ್ ಸಾಹುಕಾರ್ರೇ ಇದು? ತಲೆಗಿಲೆ ಕೆಟ್ಟಿದೆಯಾ? ಇದನ್ನೆಲ್ಲ ಲೇಬಲ್ ಮೇಲೆ ಹಾಕ್ತಾರಾ?"

"ಯಾವುದನ್ನ?"

ಉತ್ತರ ಪರದೆಯ ಹಿಂದಿನಿಂದ ಬಂತು. ಅದು ಸಾಕ್ಷಾತ್ ಸದಸ್ಯನ ಭಾಷಣದ ದನಿ: "ಬಂಧುಗಳೇ! ಸ್ವಿಚ್ಚು ಆರಿಸುವ ಬಿಲ್ಲೆಗೆ, ಹಿಂದೆ ಐದು, ಈಗ ಎರಡು! ಚುನಾವಣೆಯ ಬಾಂಧವ್ಯ ನಿಧಿಗೆ, ಇಪ್ಪತ್ತು! ನಿಮ್ಮ ಕೈ ಸುಡಲಿ, ನನ್ನ ಕೈ ಬಲವಾಗಲಿ!"

ಮೆಟ್ಟಿಲ ಮೇಲೆ ನಗೆ ಸಿಡಿಯಿತು. ಅಣ್ಣ ನಗಲಿಲ್ಲ. ಗಲ್ಲಾ ತೆರೆದು ಕನ್ನಡಕ ತೆಗೆದ. ಎಷ್ಟೋ ವರ್ಷಗಳ ಮೇಲೆ ಜನರ ಎದುರು ಹಾಕಿಕೊಂಡ. ಒಂದು ಡಬ್ಬಿ ಎತ್ತಿ ಓದಿದ. ತಂಗಿ ಹೇಳಿದ್ದೇ ಇತ್ತು, ಮೊದಲ 'ಬಂಧುಗಳೇ'ಯನ್ನೂ ಕಡೆಯ ಕೈಗಳ ಹಾರೈಕೆಯನ್ನೂ ಬಿಟ್ಟು.

"ಇದನ್ನ ಯಾರೇ ಬರ್ಸಿದ್ದು?" ಎಂದ.

ತಂಗಿ ಹೊರಬಂದು ಸುತ್ತೋಲೆ ಮುಂದಿಟ್ಟಳು. "ನೀನೇ. ಒಂದಕ್ಷರ ಬಿಡದ ಹಾಗೆ ಅಂದ್ಯಲ್ಲ. ಬಿಲ್ಲೆಯ ದರ ಇಲ್ಲಿದೆ, ನಿಧಿಯ ದರ ಇಲ್ಲಿದೆ. ನನ್ನ ಸ್ವಂತದ್ದು ಒಂದು ಚುಕ್ಕೆಯೂ ಇಲ್ಲ."

ಅಣ್ಣ ಸುತ್ತೋಲೆಯನ್ನೂ ಲೇಬಲನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಆಮೇಲೆ ಏಜೆಂಟನತ್ತ ತಿರುಗಿದ. "ಲೆಕ್ಕ ತಪ್ಪಿದೆಯಾ?"

"ತಪ್ಪಿಲ್ಲ."

"ಮತ್ತೆ?"

"ತಪ್ಪಿಲ್ಲದ್ದಕ್ಕೇ ತೆಗೀರಿ ಅಂತಿರೋದು!"

ಅದು ಬೀದಿಗೆಲ್ಲ ಕೇಳಿಸಿತು. ಏಜೆಂಟನಿಗೂ ತಾನು ಆಡಿದ್ದು ಕೇಳಿಸಿತು. ಬಾಯಿ ಮುಚ್ಚಿಕೊಂಡ, ಆದರೆ ತಡವಾಗಿತ್ತು.

ಅಣ್ಣ ಕನ್ನಡಕದೊಳಗಿಂದ ಅಜ್ಜಿಯ ಬ್ಯಾಂಡೇಜನ್ನು ನೋಡಿದ. ನಿನ್ನೆಯೂ ನೋಡಿದ್ದ. ಬಿಳಿ ಬಟ್ಟೆಯೊಂದು ಕಂಡಿತ್ತು, ಅಷ್ಟೇ. ಇವತ್ತು ಅದರ ಅಂಚಿನಲ್ಲಿ ಊದಿಕೊಂಡ ಬೆರಳುಗಳು, ಉಂಗುರ ಕತ್ತರಿಸಿ ತೆಗೆದ ಗುರುತು ಕಂಡವು. ತಾನು ಎದೆ ತಟ್ಟಿಕೊಂಡು ಕೊಟ್ಟ ಕೆಟಲ್. ಅವಳೇ ಎಣಿಸಿ ಕೊಟ್ಟ ದುಡ್ಡು. ಅದರಲ್ಲೇ ಒಂದು ಪಾಲು ಹೋಗಿ ಅವಳ ಮಸೂದೆಯನ್ನು ಮಲಗಿಸಿತ್ತು. ತನ್ನ ಕೈ ಸುಡುವುದಕ್ಕೆ ಅವಳೇ ಚಂದಾ ಕೊಟ್ಟ ಹಾಗಾಗಿತ್ತು. ವಸೂಲಿ ಮಾಡಿದವನು ತಾನು.

"ಕೆಟಲ್ ಒಂದೂ ಮಾರಿಲ್ಲ. ನಲವತ್ತೂ ಇದೆ. ವ್ಯಾನಿಗೆ ಹಾಕ್ಕೊಳ್ಳಿ" ಎಂದ.

"ಸಾಹುಕಾರ್ರೇ, ಯೋಚ್ನೆ ಮಾಡಿ. ನಾಳೆಯಿಂದ ಮಾಲು ಬರಲ್ಲ."

"ನಮ್ಮ ತಂಗಿ ಹಳೇದನ್ನೇ ರಿಪೇರಿ ಮಾಡ್ತಾಳೆ ಬಿಡಿ. ಮುಂದಿನ ವಾರಂಟಿಗಿಂತ ಹಿಂದಿನ ರಿಪೇರಿಗೇ ಈಗ ಬೆಲೆ."

ಡಬ್ಬಿಗಳು ಕೈಯಿಂದ ಕೈಗೆ ಹೋದವು. ಕಂಡಕ್ಟರನೂ ಕೈಕೊಟ್ಟ, "ರೈಟ್, ರೈಟ್" ಎಂದು ವ್ಯಾನಿನ ಬೆನ್ನು ತಟ್ಟಿ ಕಳಿಸಿದ. ಯಾವ ಡಬ್ಬಿಯಿಂದಲೂ ಯಾರೂ ಲೇಬಲ್ ಕೀಳಲಿಲ್ಲ.

ಅಣ್ಣ ಅಜ್ಜಿಯ ಮುಂದೆ ಕೈಚಾಚಿದ. ಅವಳು ಮನವಿಪತ್ರ ಕೊಟ್ಟಳು. ಕೌಂಟರಿನ ಮೇಲಿಟ್ಟು, ಮೊದಲಿನಿಂದ ಕೊನೆಯ ಸಾಲಿನವರೆಗೆ ಪೂರ್ತಿ ಓದಿ, ಸಹಿ ಹಾಕಿದ. ಬಗ್ಗಿದ್ದ ಅವನ ಬೆನ್ನನ್ನು ಅಜ್ಜಿ ಆಗ ಕಂಡಳು.

"ತಡಿಯಪ್ಪಾ, ಅಲ್ಲಾಡಬೇಡ." ಎಡಗೈಯಿಂದ ಏನನ್ನೋ ಸರಕ್ಕನೆ ಕಿತ್ತು ಅವನ ಕೈಗಿಟ್ಟಳು.

ದುಡ್ಡು ಕಟ್ಟಿದ ಗಿರಾಕಿಗಳ ಸಾಮಾನಿಗೆ ಅಂಗಡಿಯಲ್ಲಿ ಅಂಟಿಸುವ ಕೆಂಪು ಚೀಟಿ ಅದು. ದಪ್ಪಕ್ಷರದಲ್ಲಿ ಎರಡು ಪದ ಅಚ್ಚಾಗಿತ್ತು: 'ಮಾರಾಟ ಆಗಿದೆ.'

ತಂಗಿ ಮೆಲ್ಲಗೆ ಪರದೆಯತ್ತ ಸರಿದಳು.

"ಲೇ, ಯಾವಾಗಿಂದ ಇತ್ತೇ ಇದು ನನ್ನ ಬೆನ್ನ ಮೇಲೆ?"

"ಬೆಳಿಗ್ಗೆ ಒಂಬತ್ತರಿಂದ" ಎಂದಳು ತಂಗಿ, ಈ ಸಲ ತನ್ನದೇ ದನಿಯಲ್ಲಿ.

ಅಣ್ಣ ಚೀಟಿಯನ್ನು ಕನ್ನಡಕದ ಹತ್ತಿರ ತಂದು ಇನ್ನೊಮ್ಮೆ ಓದಿದ. "ಇಲ್ಲ ಕಣೇ" ಎಂದ. "ಹೋದ ಚುನಾವಣೆಯಿಂದಲೂ ಇತ್ತು. ಕನ್ನಡಕ ಹಾಕಿರಲಿಲ್ಲ ನಾನು, ಅಷ್ಟೇ."

ಹೇಳಿ ಮುಗಿಸುವ ಮೊದಲೇ ಅವನ ಹೊಟ್ಟೆ ಕುಲುಕತೊಡಗಿತು. ಕಂಡಕ್ಟರ್ ನಕ್ಕ, ಅಜ್ಜಿ ನಕ್ಕಳು, ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಎಲ್ಲರ ನಗುವನ್ನೂ ಮುಳುಗಿಸಿಕೊಂಡು, ಕನ್ನಡಕ ಮೂಗಿನಿಂದ ಜಾರಿ ಗಲ್ಲಾದೊಳಗೆ ಬೀಳುವಷ್ಟು ಜೋರಾಗಿ, ಖಾಲಿ ಕಪಾಟಿಗೆ ಆತುಕೊಂಡು ಅಣ್ಣ ನಗುತ್ತಲೇ ಇದ್ದ.