ಕಮಲಾಪುರದ ಬಾಳೆಹಿಟ್ಟು

ಕಲಬುರಗಿಯ ಒಂದು ಕಾಲೇಜಿನವರು ಬಾಳೆಹಿಟ್ಟು ಮಾಡುವ ಪ್ರೀತಿಯನ್ನು ಭಾಷಣಕ್ಕೆ ಕರೆದಿದ್ದರು. ಬೆಳಗ್ಗೆ ಕಮಲಾಪುರದಲ್ಲಿ ಎರಡು ಬುಟ್ಟಿ ಕೆಂಪು ಬಾಳೆಕಾಯಿ ಸುಲಿದು, ಹೋಳುಗಳನ್ನು ಬಿಸಿಲಿಗೆ ಹರವಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಬೆರಳಿಗೆ ಹತ್ತಿದ್ದ ಕಲೆ ಹೋಗಿರಲಿಲ್ಲ.

"ಸ್ವಂತ ಉದ್ಯೋಗಕ್ಕ ನಿಮಗ ಪ್ರೇರಣೆ ಏನ್ರೀ?" ಎಂದು ಪ್ರಾಧ್ಯಾಪಕ ರಘೂತ್ತಮ ಕೇಳಿದರು.

ಕನಸು, ಛಲ, ನಾಲ್ಕು ಜನಕ್ಕೆ ಕೆಲಸ ಕೊಡುವ ಆಸೆ ಎಂದೆಲ್ಲ ಹೇಳಬೇಕೆಂದು ಅವಳಿಗೆ ಗೊತ್ತಿತ್ತು. ಹೇಳುವಷ್ಟು ಕಸುವು ಮಾತ್ರ ಉಳಿದಿರಲಿಲ್ಲ.

"ಪ್ರೇರಣೆ ಏನಿಲ್ರಿ ಸರ್. ಬಿ.ಎಸ್ಸಿ. ಮುಗಿಸಿ ಐದು ವರ್ಷ ನೌಕರಿ ಪರೀಕ್ಷೆ ಬರದೀನಿ. ಪ್ರತಿ ಸಲ ನಮ್ಮಪ್ಪ 'ಏನಾಯ್ತವ್ವ' ಅಂತ ಕೇಳ್ತಿದ್ದ. ನಂಗ ಸಿಟ್ಟು ಬರ್ತಿತ್ತು. ಒಂದಿನ ಕೇಳೋದೇ ಬಿಟ್ಟ. ಚಹಾ ಕುಡ್ದು ಸುಮ್ನ ಗಂಜ್ ಮಾರ್ಕೆಟ್ಟಿಗೆ ಕೆಲಸಕ್ಕ ಹೋದ. ಅದನ್ನ ತಡ್ಕೊಳ್ಳಾಕ ಆಗ್ಲಿಲ್ಲ. ಮರುದಿನ ಕಮಲಾಪುರಕ್ಕ, ನಮ್ಮವ್ವನ ತವರಮನಿಗೆ ಹೋದೆ. ಅಲ್ಲಿ ಬಾಳಿಕಾಯಿ ಇತ್ತು, ಖಾಲಿ ಕೊಟ್ಟಿಗಿ ಇತ್ತು. ಕೂಸುಗಳ ಗಂಜಿಗೆ ಹಿಟ್ಟು ಮಾಡಾಕ ಹತ್ತಿದೆ."

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದಳು. "ಅಕ್ಕಾ, ಈಗ ನೌಕರಿ ಸಿಕ್ರ ಹೋಗ್ತೀರೇನು?"

"ಸಿಕ್ಕದ. ಹೋದ ವಾರ ಆರ್ಡರ್ ಬಂದದ. ಸೋಮವಾರ ಹಾಜರಾಗ್ಬೇಕು."

ಮನೆಯಲ್ಲಿಯೂ ಹೇಳದ ಮಾತು ಅಲ್ಲಿ ಬಾಯಿಂದ ಬಿದ್ದುಹೋಯಿತು. ಯಾರೋ ಚಪ್ಪಾಳೆ ತಟ್ಟಿದರು. ರಘೂತ್ತಮರು ಶಾಲು ಹೊದಿಸಿ ಕಳಿಸಿದರು.

ಮಧ್ಯಾಹ್ನ ಕಮಲಾಪುರಕ್ಕೆ ಮರಳಿದವಳು ಜಯದೇವಿಗೂ ಹೇಳಿದಳು. ಕೊಟ್ಟಿಗೆಯಲ್ಲಿ ದುಡಿಯುವ ನಾಲ್ವರು ಹೆಂಗಸರಲ್ಲಿ ಅವಳೇ ಹಿರಿಯಳು.

"ಹೋಗವ್ವ. ಸರಕಾರಿ ನೌಕರಿ ಯಾರ್ ಬಿಡ್ತಾರ? ನಾವು ಮದ್ಲಿನಂಗ ತೊಗರಿ ಕೊಯ್ಲಾಕ ಹೋಗ್ತೀವಿ," ಎಂದಳು ಜಯದೇವಿ. ಅವಳ ದನಿಯಲ್ಲಿ ಎಳ್ಳಷ್ಟೂ ಆಕ್ಷೇಪಣೆ ಇರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎನಿಸಿತು ಪ್ರೀತಿಗೆ.

ಭಾನುವಾರ ಅವಳು ಕಲಬುರಗಿಯ ಮನೆಯಲ್ಲಿ ಅಪ್ಪನ ಮುಂದೆ ನೌಕರಿಯ ಆ ಕಾಗದ ಇಟ್ಟಳು. ದೇವೀಂದ್ರಪ್ಪ ಎರಡು ಸಲ ಓದಿದ.

"ಯಾವ್ದರಾಗ ದಣಿವು ಕಡಿಮಿ?" ಎಂದು ಕೇಳಿದ.

"ನೌಕರಿಯಾಗಪ್ಪ."

"ಮತ್ತೇನು?"

"ನಾ ಹೋಗ್ಲಿಲ್ಲಂದ್ರ ಆ ಕುರ್ಚಿಗೆ ಇನ್ನೊಬ್ರು ಬರ್ತಾರ. ಕೊಟ್ಟಿಗಿಗೆ ಯಾರೂ ಬರಂಗಿಲ್ಲ."

ದೇವೀಂದ್ರಪ್ಪ ಕಾಗದವನ್ನು ಮಡಚಿ ಅವಳ ಕೈಗೇ ಕೊಟ್ಟ.

ಸೋಮವಾರ ಪ್ರೀತಿ ಕಮಲಾಪುರದ ಬಸ್ಸು ಹತ್ತಿದಳು. ಹನ್ನೊಂದರ ಹೊತ್ತಿಗೆ ಮೋಡ ಮುಸುಕಿತು. ಹೋಳುಗಳ ತಟ್ಟೆಗಳನ್ನು ಜಯದೇವಿಯೂ ಅವಳೂ ಒಂದೊಂದಾಗಿ ಒಳಗೆ ಸಾಗಿಸಿದರು. ಪ್ರೀತಿಯ ಸೊಂಟ ಬೆಳಗಿನಿಂದಲೇ ನೋಯುತ್ತಿತ್ತು.