ಗರಸು ಸಿಗದ ಪಾಯ

ನಾನು ಪಾಯದ ಕಲ್ಲು. ಕೊಪ್ಪಳದ ಕಡೆಯ ಒಂದು ಗುಡ್ಡದಿಂದ ನನ್ನನ್ನು ಒಡೆದು ತೆಗೆದವನು ಗೋಡೆ ಕಟ್ಟುವ ಗೌಂಡಿ ಯಮನಪ್ಪ. ಸುತ್ತಿಗೆಯಿಂದ ಮುಖಗಳನ್ನು ಸರಿಮಾಡಿದ, ನುಣುಪು ಮಾಡುವ ಗೋಜಿಗೆ ಹೋಗಲಿಲ್ಲ. ಮಣ್ಣಿನೊಳಗೆ ಹೋಗುವ ನನಗೆ ಹೊಳಪು ಯಾಕೆ?

ಹೊಳಪೆಲ್ಲ ಶೀಲವಂತಮಠ ಸರ್ ಅವರ ಮಾತಿನಲ್ಲಿತ್ತು. ಅವರು ನಿವೃತ್ತ ಕನ್ನಡ ಅಧ್ಯಾಪಕರು, ನಾನು ಬಂದಿಳಿದ ಊರಿನ ವಾಚನಾಲಯ ಸಮಿತಿಯ ಅಧ್ಯಕ್ಷರು. ವಾಚನಾಲಯದ ಹೊಸ ಕಟ್ಟಡದ ಪೂಜೆಯ ದಿನ ಅಗೆದ ಗುಂಡಿಯ ಅಂಚಿನಲ್ಲಿ ನಿಂತು ನನ್ನ ಹೆಸರನ್ನೇ ವಿಚಾರಣೆಗೆ ಎಳೆದರು.

“ಅಡಿಪಾಯ ಅಂತೀರಿ. ಅಡಿ ಅಂದ್ರ ಕಾಲು. ಪಾಯ ಅಂದ್ರೂ ಕಾಲು, ಅದು ಪಾರಸಿ ಕಡಿಂದ ಬಂದದ್ದು. ಕಾಲಿಗೊಂದು ಕಾಲು! ಎಂಥಾ ದಡ್ಡತನ! ಇನ್ನ ಮುಂದ ತಳಹದಿ ಅನ್ರಿ.”

ಜನ ಎರಡೂ ಕಾಲಿನ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ಎರಡು ಭಾಷೆಯ ಕಾಲು ಜೊತೆಯಾದದ್ದಕ್ಕೆ ಸರ್‌ಗೆ ನಾಚಿಕೆ. ಹೊರುವ ಕೆಲಸಕ್ಕೆ ಅಷ್ಟಾದರೂ ಬೇಕು ಎಂಬುದು ನನ್ನ ತಿಳಿವಳಿಕೆ.

ಯಮನಪ್ಪನ ಹೆಂಡತಿ ದುರ್ಗವ್ವ ಗುಂಡಿಯೊಳಗಿದ್ದಳು. ಹಾರೆಯಿಂದ ತಳ ಕುಕ್ಕಿ ನೋಡಿ, ಸರ್‌ಗಷ್ಟೇ ಕೇಳುವಂತೆ ಹೇಳಿದಳು:

“ಸರ, ಗರಸ ಇನ್ನಾ ಹತ್ತಿಲ್ರಿ. ಬರೇ ಎರಿಮಣ್ಣ ಐತಿ. ಇನ್ನೊಂದ ಮೊಳ ತೋಡೂಣ್ರಿ.”

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕೆಳಗಿನ ಗಟ್ಟಿ ಗರಸು ಸಿಗುವ ತನಕ ಆ ಸೀಮೆಯಲ್ಲಿ ಯಾರೂ ಕಲ್ಲು ಇಡುವುದಿಲ್ಲ. ಆದರೆ ಭಾಷಣದಲ್ಲೇ ಮುಹೂರ್ತ ಮುಗಿಯುತ್ತ ಬಂದಿತ್ತು.

“ನನಗ ಪಾಠ ಹೇಳಬ್ಯಾಡ ತಂಗಿ. ಇಡು ಕಲ್ಲ.”

“ಹೂಂ ಬಿಡ್ರಿ, ಗ್ವಾಡಿ ನಿಮ್ಮ ಮಾತ ಕೇಳಿ ನಿಂದರತೈತಿ.”

ನನ್ನ ಮೇಲೆ ಅರಿಶಿನ ಬಿತ್ತು, ಹೂವು ಬಿತ್ತು, ಆಮೇಲೆ ಗೋಡೆಯ ಭಾರ ಬಿತ್ತು.

ಎರಡನೆಯ ಮಳೆಗಾಲಕ್ಕೆ ನಾನು ಒಂದು ಮಗ್ಗುಲಿಗೆ ವಾಲಿದೆ. ಗೋಡೆ ಕಿಟಕಿಯಿಂದ ಸೂರಿನವರೆಗೆ ಸೀಳಿತು. ಗೌಂಡಿಯ ತಪ್ಪಾಗಿದ್ದರೆ ಗಂಡಹೆಂಡಿರಿಗೆ ಊರಿನಲ್ಲಿ ಯಾರೂ ಇನ್ನು ಕೆಲಸ ಕೊಡಬಾರದೆಂದು ಸಮಿತಿ ಠರಾವು ಮಾಡಿತು. ಕಾರಣ ನೋಡಲೆಂದು ನನ್ನನ್ನು ಅಗೆದು ತೆಗೆಸಿತು.

ಈಗ ಬೇಲಿಯ ಮೂಲೆಯಲ್ಲಿ ಬಿದ್ದಿದ್ದೇನೆ. ನನಗೆ ಒರಗಿಸಿದ ಸೈಕಲ್ಲುಗಳ ಭಾರವಷ್ಟೇ ನನ್ನ ಪಾಲಿಗೆ. ಮನುಷ್ಯರನ್ನು ಕೆಳಗಿನಿಂದಲೇ ನೋಡಿದವನು ನಾನು, ಆದರೂ ಅಷ್ಟು ಕೆಳಗೆ ಇಳಿದವರನ್ನು ನನ್ನನ್ನು ಅಗೆದು ತೆಗೆದ ದಿನ ಮಾತ್ರ ನೋಡಿದೆ.

ಸರ್ ಧೋತರ ಎತ್ತಿಕಟ್ಟಿ ಒಬ್ಬರೇ ಗುಂಡಿಗಿಳಿದರು. ನಾನಿದ್ದ ಜಾಗಕ್ಕೆ ಕೊಡೆಯ ತುದಿ ಒತ್ತಿದರು. ಅದು ಅರ್ಧಕ್ಕೂ ಹೆಚ್ಚು ಇಳಿದುಹೋಯಿತು.

“ಏನರ ತಿಳೀತ್ರಿ ಸರ?” ಮೇಲಿನಿಂದ ಸಮಿತಿಯ ಕಾರ್ಯದರ್ಶಿ ಕೂಗಿದ. “ಗೌಂಡಿದ ತಪ್ಪ ಹೌದಲ್ರಿ?”

ಸರ್ ಕೊಡೆಯನ್ನು ಸದ್ದಾಗದಂತೆ ಕಿತ್ತು, ಧೋತರದ ಅಂಚಿಗೆ ಒರೆಸಿದರು. ಶಬ್ದಗಳ ಹುಟ್ಟನ್ನೆಲ್ಲ ಬಲ್ಲ ಆ ಬಾಯಿ ಒಂದು ಸಲ ತೆರೆಯಿತು. ಆಮೇಲೆ, ಕಂಡದ್ದನ್ನು ಯಾರಿಗೂ ಹೇಳುವುದು ಬೇಡವೆಂದು ಮುಚ್ಚಿಕೊಂಡಿತು.